ಅಡಿಕೆ ತೋಟದ ಮಳೆಮಾಪಕಕ್ಕೆ ಯಾವ ಚಿಪ್ ಒಳ್ಳೆಯದು?

ಹೊಸನಗರ ತಂಡ

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇವೆ. ಪ್ರಾಜೆಕ್ಟ್‌ಗೆ ಅಡಿಕೆ ತೋಟದ ಮಳೆಮಾಪಕ ಮಾಡಬೇಕು ಅಂತಿದ್ದೇವೆ. ಹೊಸನಗರ ಕಡೆ ಗುಡ್ಡದ ಈ ಮಗ್ಗುಲಿಗೆ ಬಿದ್ದ ಮಳೆ ಆ ಮಗ್ಗುಲಿಗೆ ಬಿದ್ದಿರೋದಿಲ್ಲ. ಕೊಳೆರೋಗದ ಔಷಧಿ ಹೊಡೆದ ಮೇಲೆ ಎಷ್ಟು ಇಂಚು ಸುರಿಯಿತು ಅನ್ನೋ ಲೆಕ್ಕ ಒಂದೊಂದು ತೋಟಕ್ಕೂ ಬೇರೆಯೇ ಬೇಕು. ಹಾಗಾಗಿ ತೋಟದಲ್ಲೊಂದು ಮಾಪಕ, ಅದರ ಲೆಕ್ಕ ಮನೆಗೆ ಬರಬೇಕು.

ಜಗಳ ಶುರುವಾಗಿದ್ದು ಆ ಲೆಕ್ಕ ಎಣಿಸಿ ಕಳಿಸುವ ಚಿಪ್ ವಿಷಯಕ್ಕೆ. ಒಬ್ಬ ಇಎಸ್‌ಪಿ32 ಬಿಟ್ಟು ಬೇರೆ ಮಾತಾಡೋದಿಲ್ಲ. ಒಬ್ಬಳಿಗೆ ಎಸ್‌ಟಿಎಂ32 ಬೇಕು. ಇನ್ನೊಬ್ಬ ಆರ್ಡ್ವಿನೋ ಉನೋ ಸಾಕು ಅಂತಾನೆ. ನನಗೆ ರಿಸ್ಕ್-ಫೈವ್ ವಿನ್ಯಾಸದ ಚಿಪ್ ಇಷ್ಟ, ಮುಂದಿನ ಕಾಲ ಅದರದ್ದೇ ಅನ್ನಿಸುತ್ತದೆ. ಇವುಗಳಲ್ಲಿ ಯಾವ ಪ್ರೊಸೆಸರ್ ಎಲ್ಲಕ್ಕಿಂತ ಒಳ್ಳೆಯದು? ಗೊತ್ತಿರುವವರು ಕಾರಣ ಸಮೇತ ಹೇಳಿ.

ಸಾಗರ ವೈಫೈ

ಇಎಸ್‌ಪಿ32 ತಗೊಳ್ಳಿ. ಎರಡು ಕೋರ್ (ಲೆಕ್ಕ ಮಾಡುವ ಭಾಗ), 240 ಮೆಗಾಹರ್ಟ್ಸ್, ವೈಫೈ, ಬ್ಲೂಟೂತ್ ಎಲ್ಲ ಒಳಗೇ ಇದೆ. ಉನೋದಲ್ಲಿ (ಆರ್3) ಸಿಗೋದು 16 ಮೆಗಾಹರ್ಟ್ಸ್, 8 ಬಿಟ್, 2 ಕೆಬಿ ರಾಮ್. ಇಷ್ಟು ವ್ಯತ್ಯಾಸ ಇರುವಾಗ ಯೋಚನೆ ಯಾಕೆ?

ಭದ್ರಾವತಿ

ತೋಟದಲ್ಲಿ ವೈಫೈ ಎಲ್ಲಿಂದ ಬರಬೇಕು ಮಾರಾಯ? ಮನೆಯ ರೌಟರ್ ಸಿಗ್ನಲ್ ಅಂಗಳ ದಾಟೋದೇ ಕಷ್ಟ. ಎಸ್‌ಟಿಎಂ32 ಹಾಕಿ, ಪಕ್ಕಕ್ಕೆ ಲೋರಾ ಅನ್ನೋ, ಕಡಿಮೆ ವಿದ್ಯುತ್ತಿನಲ್ಲಿ ದೂರ ಹೋಗುವ ರೇಡಿಯೋ ಇಡಿ. ನಮ್ಮ ದೇಶದಲ್ಲಿ 865ರಿಂದ 868 ಮೆಗಾಹರ್ಟ್ಸ್‌ವರೆಗೆ ಲೈಸೆನ್ಸ್ ಇಲ್ಲದೆ ಬಳಸಬಹುದು. ಒದ್ದೆ ಎಲೆ, ಮರ, ಗುಡ್ಡ ಅಂತ ಸಿಗ್ನಲ್ ಸ್ವಲ್ಪ ಕಡಿಮೆಯಾಗುತ್ತದೆ, ಆದರೂ ವೈಫೈಗಿಂತ ತುಂಬಾ ದೂರ ಹೋಗುತ್ತದೆ.

ತೀರ್ಥಹಳ್ಳಿ ಎಂಬೆಡೆಡ್

ಚಿಪ್ ಹೆಸರು ಹೇಳುವ ಮೊದಲು ಒಂದು ಲೆಕ್ಕ ಮಾಡೋಣ. ನಿಮ್ಮ ಮಾಪಕದಲ್ಲಿ ಎರಡು ಗೂಡಿನ ಪುಟ್ಟ ಬಟ್ಟಲು ಇರುತ್ತದೆ, ಅಲ್ವಾ? ಒಂದು ಗೂಡು ತುಂಬಿದ ಕೂಡಲೇ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಗೂಡು ಕೊಳವೆಯ ಕೆಳಗೆ ಬರುತ್ತದೆ. ಸಾಮಾನ್ಯವಾಗಿ ಒಂದು ವಾಲಿಕೆಗೆ 0.2 ಮಿಲಿಮೀಟರ್ ಮಳೆ. ಆಗುಂಬೆಯಲ್ಲಿ ಆಷಾಢದ ಜಡಿಮಳೆ ಅಂತಲೇ ಇಟ್ಟುಕೊಳ್ಳಿ, ಗಂಟೆಗೆ 100 ಮಿಲಿಮೀಟರ್. ಆಗಲೂ ಗಂಟೆಗೆ 500 ವಾಲಿಕೆ. ಅಂದರೆ 7.2 ಸೆಕೆಂಡಿಗೆ ಒಂದು.

ಉನೋದ 16 ಮೆಗಾಹರ್ಟ್ಸ್ ಚಿಪ್‌ಗೆ ಆ 7.2 ಸೆಕೆಂಡಿನಲ್ಲಿ ಸುಮಾರು ಹನ್ನೊಂದೂವರೆ ಕೋಟಿ ಗಡಿಯಾರದ ಬಡಿತ ಸಿಗುತ್ತದೆ. ಮಾಡೋ ಕೆಲಸ ಏನು? ಒಂದು ಸಂಖ್ಯೆಗೆ ಒಂದು ಕೂಡಿಸೋದು. ನೀವು ಹೇಳಿದ ನಾಲ್ಕರಲ್ಲಿ ಅತಿ ನಿಧಾನದ್ದಕ್ಕೇ ಇದು ಏನೂ ಅಲ್ಲ. ಹಾಗಾಗಿ 240 ದೊಡ್ಡದೋ 16 ದೊಡ್ಡದೋ ಅನ್ನೋ ಮಾತು ಈ ಕೆಲಸಕ್ಕೆ ಸಂಬಂಧವೇ ಇಲ್ಲ.

ನಿಮ್ಮ ಸಮಯ ಹೋಗೋದು ಬೇರೆ ಕಡೆ. ಬಟ್ಟಲು ವಾಲಿದಾಗ ಅದರ ಆಯಸ್ಕಾಂತ ಒಂದು ರೀಡ್ ಸ್ವಿಚ್ (ಆಯಸ್ಕಾಂತ ಹತ್ತಿರ ಬಂದರೆ ಸೇರುವ ಸ್ವಿಚ್) ಮುಂದೆ ಹಾದುಹೋಗುತ್ತದೆ. ಸ್ವಿಚ್‌ನ ಎರಡು ತೆಳು ತಗಡುಗಳು ಒಂದಕ್ಕೊಂದು ತಾಗಿ ನಿಲ್ಲೋದಿಲ್ಲ, ಅದುರುತ್ತವೆ. ಒಂದು ವಾಲಿಕೆಗೆ ಮೂರು, ನಾಲ್ಕು ಸಲ ಒತ್ತಿದ ಹಾಗೆ ಕಾಣಬಹುದು. ವೇಗದ ಚಿಪ್ ಆ ಅದುರುಗಳನ್ನೆಲ್ಲ ಒಂದೂ ಬಿಡದೆ ಎಣಿಸುತ್ತದೆ. ಆಗ ಅರ್ಧ ಇಂಚು ಮಳೆ ಒಂದೂವರೆ ಇಂಚು ಅಂತ ಬರುತ್ತದೆ. ಇದು ಅದುರೋ, ಬಟ್ಟಲು ಓರೆಯಾಗಿ ಕೂತಿದೆಯೋ, ನಿಮ್ಮ ಪ್ರೋಗ್ರಾಂ ತಪ್ಪೋ? ಬರೀ ಕೊನೆಯ ಸಂಖ್ಯೆ ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ. ವೈರ್ ಮೇಲಿನ ಸಿಗ್ನಲ್ ದಾಖಲಿಸುವ ಒಂದು ಅಗ್ಗದ ಲಾಜಿಕ್ ಅನಲೈಸರ್ ಸಿಕ್ಕಿಸಿ, ಪಲ್ಸ್‌ವ್ಯೂ ಅನ್ನೋ ಉಚಿತ ಸಾಫ್ಟ್‌ವೇರ್ ತೆರೆದರೆ ಒಂದೊಂದು ಅದುರೂ ಪರದೆ ಮೇಲೆ ಗೆರೆಯಾಗಿ ಕಾಣುತ್ತದೆ. ಮೂರು ದಿನದ ಊಹೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಇನ್ನೊಂದು ತೊಂದರೆ ನಿಮಗೆ ಖಂಡಿತ ಬರುತ್ತದೆ. ಸ್ವಿಚ್ ತಾಗಿದ ಕೂಡಲೇ ಓಡುವ ತುಂಡು ಪ್ರೋಗ್ರಾಂ, ಅಂದರೆ ಇಂಟರಪ್ಟ್‌ನಲ್ಲಿ ಎಣಿಕೆ ಹೆಚ್ಚಿಸಿ, ಮುಖ್ಯ ಲೂಪ್‌ನಲ್ಲಿ ಅದನ್ನು ಓದುತ್ತೀರಿ. ಆ ವೇರಿಯಬಲ್‌ಗೆ ವೋಲಟೈಲ್ ಅಂತ ಬರೆಯದಿದ್ದರೆ ಕಂಪೈಲರ್ (ನಾವು ಬರೆದದ್ದನ್ನು ಚಿಪ್ ಆದೇಶಗಳಾಗಿ ತಿರುಗಿಸುವ ಸಾಫ್ಟ್‌ವೇರ್) ಅದನ್ನು ಚಿಪ್ ಒಳಗಿನ ರಿಜಿಸ್ಟರ್‌ನಲ್ಲೇ ಇಟ್ಟುಕೊಂಡು ಮತ್ತೆ ಮೆಮೊರಿ ನೋಡದೆ ಹೋಗಬಹುದು. ಪ್ರೋಗ್ರಾಂ ವೇಗ ಮಾಡುವ ಆಪ್ಟಿಮೈಸೇಶನ್ ಇಲ್ಲದಾಗ ಸರಿ ಓಡಿದ ಪ್ರೋಗ್ರಾಂ, ಆನ್ ಮಾಡಿದ ತಕ್ಷಣ ನಿಂತುಬಿಡುತ್ತದೆ. ಡೀಬಗ್ಗರ್ ಇದ್ದರೆ ಪ್ರೋಗ್ರಾಂ ನಿಲ್ಲಿಸಿ, ಮೆಮೊರಿಯಲ್ಲಿ 7 ಇದೆ, ರಿಜಿಸ್ಟರ್‌ನಲ್ಲಿ 0 ಇದೆ ಅಂತ ಕಣ್ಣಾರೆ ನೋಡಬಹುದು. ಇಲ್ಲದಿದ್ದರೆ ಅಲ್ಲಲ್ಲಿ ಪ್ರಿಂಟ್ ಹಾಕುತ್ತಾ ಕೂರಬೇಕು.

ಅದಕ್ಕೇ ನಾನು ಚಿಪ್ ಆರಿಸುವಾಗ ಮೊದಲು ಕೇಳೋದು ಇದು: ಓಡುತ್ತಿರುವಾಗ ಇದರ ಒಳಗೆ ಏನಾಗುತ್ತಿದೆ ಅಂತ ನನಗೆ ಕಾಣುತ್ತಾ? ಎಸ್‌ಟಿಎಂ32ರ ನ್ಯೂಕ್ಲಿಯೋ ಬೋರ್ಡ್‌ಗಳಲ್ಲಿ ಎಸ್‌ಟಿ-ಲಿಂಕ್ ಡೀಬಗ್ಗರ್ ಬೋರ್ಡ್ ಮೇಲೇ ಇರುತ್ತದೆ. ಯುಎಸ್‌ಬಿ ಕೇಬಲ್ ಚುಚ್ಚಿದರೆ ಸಾಕು. ನನ್ನ ಮತ ಅದಕ್ಕೆ. ಎಸ್‌ಟಿಎಂ32 ಚಿಪ್ ದೊಡ್ಡದು ಅಂತ ಅಲ್ಲ, ಒಳಗೆ ನೋಡೋಕೆ ಬಿಡುತ್ತದೆ ಅಂತ.

ಸಾಗರ ವೈಫೈ

ಎಂಬೆಡೆಡ್ ಅಣ್ಣ, ಇಎಸ್‌ಪಿಯಲ್ಲೂ ಡೀಬಗ್ ಮಾಡಬಹುದಲ್ಲ? ಎಸ್3, ಸಿ3 ಚಿಪ್‌ಗಳಲ್ಲಿ ಡೀಬಗ್ ಸಂಪರ್ಕ (ಜೆಟ್ಯಾಗ್) ಯುಎಸ್‌ಬಿಯಲ್ಲೇ ಬರುತ್ತದೆ.

ತೀರ್ಥಹಳ್ಳಿ ಎಂಬೆಡೆಡ್

ಹೌದು, ಅದು ಒಳ್ಳೆಯ ಬದಲಾವಣೆ. ಚಿಪ್ ಮಾಡುವವರಿಗೂ ಇದು ಅರ್ಥವಾಗಿದೆ ಅನ್ನೋದಕ್ಕೆ ಅದೇ ಸಾಕ್ಷಿ. ಹಳೆಯ ಇಎಸ್‌ಪಿ32ಕ್ಕೆ ಬೇರೆ ಅಡಾಪ್ಟರ್ ಕೊಂಡು ನಾಲ್ಕು ವೈರ್ ಎಳೆಯಬೇಕಿತ್ತು. ಕೊಳ್ಳುವವರು ಕಡಿಮೆ.

ನಿವೃತ್ತ ಮೇಷ್ಟ್ರು, ಶಿವಮೊಗ್ಗ

ಮಕ್ಕಳೇ, ಈ ಜಗಳ ನಾನು ಪಾಠ ಶುರು ಮಾಡಿದ ಕಾಲದಿಂದಲೂ ಇದೆ. ಆಗ ಹೆಸರುಗಳು ಮಾತ್ರ ಬೇರೆ: ಇಂಟೆಲ್ 8086, ಮೋಟೊರೋಲಾ 68000.

8086 ಬಂದದ್ದು 1978ರಲ್ಲಿ, 68000 ಮರುವರ್ಷ. ಕಾಗದದ ಮೇಲೆ ನೋಡಿದರೆ ಮೋಟೊರೋಲಾದ ಚಿಪ್ ತುಂಬಾ ಚೆಂದ. 32 ಬಿಟ್ಟಿನ ಎಂಟು ಡೇಟಾ ರಿಜಿಸ್ಟರ್, ಎಂಟು ಅಡ್ರೆಸ್ ರಿಜಿಸ್ಟರ್, 16 ಎಂಬಿ ಮೆಮೊರಿ ನೇರವಾಗಿ ಸಿಗುತ್ತಿತ್ತು. ಇಂಟೆಲ್ ಚಿಪ್‌ನಲ್ಲಿ 1 ಎಂಬಿ, ಅದನ್ನೂ 64 ಕೆಬಿ ತುಂಡುಗಳಲ್ಲಿ ನೋಡಬೇಕು. ಪಾಠ ಮಾಡುವಾಗ ಸೆಗ್ಮೆಂಟ್ ಅಧ್ಯಾಯ ಬಂತೆಂದರೆ ಅರ್ಧ ತರಗತಿ ಸುಸ್ತಾಗುತ್ತಿತ್ತು. ನನ್ನನ್ನು ಕೇಳಿದ್ದರೆ 68000ಕ್ಕೇ ಓಟು.

ಆದರೆ 1981ರಲ್ಲಿ ಐಬಿಎಂ ಪಿಸಿ ಬಂದಾಗ ಅದರಲ್ಲಿದ್ದದ್ದು 8086ರ ತಮ್ಮ 8088, 4.77 ಮೆಗಾಹರ್ಟ್ಸ್. 1983ರಲ್ಲಿ ಬೋರ್ಲ್ಯಾಂಡ್ ಕಂಪನಿ ಟರ್ಬೊ ಪ್ಯಾಸ್ಕಲ್ ತಂದಿತು. ಬೆಲೆ 49.95 ಡಾಲರ್. ಆ ಕಾಲಕ್ಕೆ ಕಂಪೈಲರ್‌ಗಳು ನೂರಾರು ಡಾಲರ್. ಬೆಲೆಗಿಂತ ದೊಡ್ಡ ವಿಷಯ ಅದು ಕೆಲಸ ಮಾಡುತ್ತಿದ್ದ ರೀತಿ. ಅದಕ್ಕೂ ಮೊದಲು ಎಡಿಟರ್ ಒಂದು ಪ್ರೋಗ್ರಾಂ, ಕಂಪೈಲರ್ ಇನ್ನೊಂದು, ಲಿಂಕರ್ ಮತ್ತೊಂದು. ಫ್ಲಾಪಿ ತೆಗೆ, ಫ್ಲಾಪಿ ಹಾಕು. ಕೊನೆಗೆ ಒಂದು ಸೆಮಿಕೋಲನ್ ಬಿಟ್ಟಿದೆ ಅಂತ ಗೊತ್ತಾಗುತ್ತಿತ್ತು. ಟರ್ಬೊ ಪ್ಯಾಸ್ಕಲ್‌ನಲ್ಲಿ ಎಲ್ಲ ಒಟ್ಟಿಗೆ ಮೆಮೊರಿಯಲ್ಲೇ. ಕಂಪೈಲ್ ಒತ್ತಿದರೆ ಕೆಲವೇ ಕ್ಷಣ, ತಪ್ಪಿದ್ದರೆ ಕರ್ಸರ್ ನೇರ ತಪ್ಪಿನ ಜಾಗಕ್ಕೇ ಹೋಗಿ ನಿಲ್ಲುತ್ತಿತ್ತು. ಅದೇ ನಿಧಾನದ 8088 ಮೇಲೆ! ಆ ಕಂಪೈಲರ್ ಬರೆದ ಆಂಡರ್ಸ್ ಹೈಲ್ಸ್‌ಬರ್ಗ್ ಮುಂದೆ ಸಿ ಶಾರ್ಪ್, ಟೈಪ್‌ಸ್ಕ್ರಿಪ್ಟ್ ಕೂಡ ಮಾಡಿದರು. ನೀವು ಇವತ್ತು ಬಳಸುವ ಎಡಿಟರ್‌ನಲ್ಲೂ ಅವರ ಕೆಲಸ ಇದೆ.

68000 ಹಾಕಿಕೊಂಡು 1984ರಲ್ಲಿ ಮ್ಯಾಕಿಂಟಾಷ್ ಬಂತು. ಸುಂದರ ಯಂತ್ರ. ಆದರೆ ಶುರುವಿನಲ್ಲಿ ಅದಕ್ಕೆ ಸರಿಯಾದ ಪ್ರೋಗ್ರಾಂ ಬರೆಯಬೇಕೆಂದರೆ ಆಪಲ್‌ನದೇ ಇನ್ನೊಂದು ದುಬಾರಿ ಯಂತ್ರ ಲೀಸಾ ಬೇಕಾಗುತ್ತಿತ್ತು. ಒಳ್ಳೆಯ ಪ್ರೊಸೆಸರ್ ಇದ್ದೂ ಸಾಮಾನ್ಯರ ಕೈಗೆ ಟೂಲ್ ಸಿಗಲಿಲ್ಲ. ಐಬಿಎಂ ಪಿಸಿ ಗೆದ್ದದ್ದು ಇದೊಂದೇ ಕಾರಣಕ್ಕೆ ಅಂತ ನಾನು ಹೇಳೋದಿಲ್ಲ. ಐಬಿಎಂ ಹೆಸರು, ಬೇರೆ ಕಂಪನಿಗಳು ಮಾಡಿದ ಅಗ್ಗದ ನಕಲು ಯಂತ್ರಗಳು, ಎಲ್ಲ ಸೇರಿತ್ತು. ಆದರೆ ಒಬ್ಬ ಹುಡುಗ ಮನೆಯಲ್ಲಿ ಕೂತು ಪ್ರೋಗ್ರಾಂ ಕಲಿಯಲು ಆದದ್ದು ಆ 49.95 ಡಾಲರ್ ಡಬ್ಬಿಯಿಂದ.

ನಮ್ಮ ಲ್ಯಾಬ್‌ನಲ್ಲಿ 8085 ಕಿಟ್ ಇತ್ತು. ಎಂವಿಐ ಎ ಅನ್ನೋ ಆದೇಶಕ್ಕೆ 3ಇ ಅಂತ ಪುಸ್ತಕದಲ್ಲಿ ಹುಡುಕಿ, ಪುಟ್ಟ ಕೀಲಿಗಳಲ್ಲಿ ಒತ್ತಬೇಕು. ಕರೆಂಟ್ ಹೋದರೆ ಎಲ್ಲ ಮೊದಲಿಂದ. ಅದರಿಂದ ಪ್ರೊಸೆಸರ್ ಚೆನ್ನಾಗಿ ಅರ್ಥವಾಗುತ್ತಿತ್ತು, ನಿಜ. ಆದರೆ ಒಂದು ದೊಡ್ಡ ಪ್ರೋಗ್ರಾಂ ಕಟ್ಟುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ಲ್ಯಾಬ್ ಮೇಡಂ

ಮೇಷ್ಟ್ರೇ, ನೀವು ಹೊಗಳಿದ ಆ ಕಂಪನಿಯ ಟರ್ಬೊ ಸಿ ಕಂಪೈಲರ್ ಈಗಲೂ ಕೆಲವು ಲ್ಯಾಬ್‌ಗಳಲ್ಲಿದೆ. ನನಗೆ ಬೇಜಾರಾಗೋದು ಅಲ್ಲೇ. ತನ್ನ ಕಾಲಕ್ಕೆ ಅದು ಒಳ್ಳೆಯ ಟೂಲ್. ಆದರೆ ಹೆತ್ತವರು ಸಾಲ ಮಾಡಿ ಮಗಳಿಗೆ ಹೊಸ ಲ್ಯಾಪ್‌ಟಾಪ್ ಕೊಡಿಸುತ್ತಾರೆ. ಅದರೊಳಗೆ ಡಾಸ್‌ಬಾಕ್ಸ್ ಹಾಕಿ, ಅದರೊಳಗೆ ನೀಲಿ ಪರದೆಯ ಟರ್ಬೊ ಸಿ. ಎಂಟು ಕೋರ್ ಪ್ರೊಸೆಸರ್ 16 ಬಿಟ್ ಯಂತ್ರದ ಹಾಗೆ ನಡೆದುಕೊಳ್ಳುತ್ತಾ ಕೂತಿರುತ್ತದೆ.

ಇದರಿಂದ ಏನು ನಷ್ಟ ಅಂತ ಒಂದು ಉದಾಹರಣೆ ಹೇಳುತ್ತೇನೆ. ಒಬ್ಬ ವಿದ್ಯಾರ್ಥಿನಿ ಅಡಿಕೆ ಮಾರಾಟದ ಲೆಕ್ಕ ಬರೆದಿದ್ದಳು. ಕ್ವಿಂಟಾಲ್‌ಗೆ 48,000 ರೂಪಾಯಿ ಅಂತ ಕೊಟ್ಟರೆ ಮೈನಸ್ 17,536 ಅಂತ ತೋರಿಸುತ್ತಿತ್ತು. ಟರ್ಬೊ ಸಿಯಲ್ಲಿ ಇಂಟ್ (ಪೂರ್ಣಸಂಖ್ಯೆ) ಅಂದರೆ 2 ಬೈಟ್, 32,767ರ ಮೇಲೆ ಹಿಡಿಸೋದಿಲ್ಲ. ಅವಳಿಗೆ ತನ್ನ ತರ್ಕವೇ ತಪ್ಪು ಅನ್ನಿಸಿ, ಕೂಡುವ ಕಳೆಯುವ ಸಾಲುಗಳನ್ನೇ ತಿದ್ದುತ್ತಿದ್ದಳು. ಅದೇ ಲ್ಯಾಪ್‌ಟಾಪ್‌ನಲ್ಲಿ ಜಿಸಿಸಿ ಕಂಪೈಲರ್ ಹಾಕಿದೆವು, ಎಲ್ಲ ಎಚ್ಚರಿಕೆಗಳನ್ನೂ ಆನ್ ಮಾಡಿದೆವು. ಇಂಟ್ 4 ಬೈಟ್ ಆಯಿತು, ಲೆಕ್ಕ ಸರಿಹೋಯಿತು. ಆಮೇಲೆ ಮೆಮೊರಿ ತಪ್ಪು ಹಿಡಿಯುವ ಅದರ ಅಡ್ರೆಸ್ ಸ್ಯಾನಿಟೈಸರ್ ಹಾಕಿ ಓಡಿಸಿದಾಗ, ಅರೇ ಗಡಿ ದಾಟಿ ಬರೆಯುತ್ತಿದ್ದ ಇನ್ನೊಂದು ತಪ್ಪು ಸಾಲಿನ ನಂಬರ್ ಸಮೇತ ಸಿಕ್ಕಿತು. ಅದು ಯಾರಿಗೂ ಕಾಣದೆ ಅಲ್ಲೇ ಇತ್ತು.

ಜಿಸಿಸಿ 1987ರಿಂದ ಇದೆ, ಉಚಿತ. ದುಡ್ಡಿನ ಪ್ರಶ್ನೆಯೇ ಇಲ್ಲ. ಪ್ರೊಸೆಸರ್‌ಗೆ ಸಾವಿರಾರು ರೂಪಾಯಿ ಜಾಸ್ತಿ ಕೊಡುವ ಮೊದಲು ಇದನ್ನು ಹಾಕಿಸಿ ಅಂತ ನಾನು ಎಲ್ಲ ಪೋಷಕರಿಗೂ ಹೇಳುತ್ತೇನೆ. ಮಕ್ಕಳು ತಮಗೆ ತಲೆ ಇಲ್ಲ ಅಂದುಕೊಂಡು ಈ ಓದನ್ನೇ ಬಿಡುತ್ತಾರೆ, ಕಾರಣ ನೋಡಿದರೆ ಹಳೆಯ ಟೂಲ್. ಇದು ಸಣ್ಣ ವಿಷಯ ಅಲ್ಲ.

ಕೊಪ್ಪ, ಮನೆಯಿಂದ ಕೆಲಸ

ಎಲ್ಲ ಒಪ್ಪುತ್ತೇನೆ. ಆದರೆ ಪ್ರೊಸೆಸರ್ ಲೆಕ್ಕಕ್ಕೇ ಇಲ್ಲ ಅನ್ನಬೇಡಿ. ನಾನು ದೊಡ್ಡ ಸಿ ಪ್ಲಸ್ ಪ್ಲಸ್ ಪ್ರಾಜೆಕ್ಟ್‌ನಲ್ಲಿ ಕೆಲಸ ಮಾಡೋದು. ಪೂರ್ತಿ ಬಿಲ್ಡ್ (ಎಲ್ಲ ಫೈಲ್ ಮತ್ತೆ ಕಂಪೈಲ್) ಕೊಟ್ಟರೆ ಎದ್ದು ಹೋಗಿ ಕಾಫಿ ಕುಡಿದು ಬರುವಷ್ಟು ಹೊತ್ತು. ಕೋರ್ ಜಾಸ್ತಿ ಇದ್ದಷ್ಟೂ ಆ ಹೊತ್ತು ಕಡಿಮೆಯಾಗುತ್ತದೆ, ಇದು ನನ್ನ ದಿನನಿತ್ಯದ ಅನುಭವ.

ಇನ್ನೊಂದು ಮಾತು. ಟೂಲ್ ಎಲ್ಲವನ್ನೂ ಸರಿಮಾಡುತ್ತದೆ ಅಂತ ನಂಬಿ ಸೋತ ಕಥೆಯೂ ಇದೆ. ಇಂಟೆಲ್ 2001ರಲ್ಲಿ ಇಟಾನಿಯಂ ಪ್ರೊಸೆಸರ್ ತಂದಿತು. ಯಾವ ಆದೇಶಗಳನ್ನು ಒಟ್ಟಿಗೆ ಓಡಿಸಬೇಕು ಅನ್ನೋದನ್ನು ಚಿಪ್ ತೀರ್ಮಾನಿಸೋದು ಬೇಡ, ಕಂಪೈಲರ್ ಮೊದಲೇ ಜೋಡಿಸಿ ಕೊಡಲಿ ಅನ್ನೋ ಲೆಕ್ಕ. ಆದರೆ ಬೇಕಾದ ಡೇಟಾ ಚಿಪ್ ಹತ್ತಿರದ ಕ್ಯಾಶ್‌ನಲ್ಲಿ ಇರುತ್ತೋ, ದೂರದ ಮೆಮೊರಿಯಿಂದ ಬರಬೇಕೋ ಅಂತ ಕಂಪೈಲ್ ಮಾಡುವಾಗ ಯಾರಿಗೆ ಗೊತ್ತು? ಅದು ತಿಳಿಯೋದು ಓಡುವಾಗಲೇ. ಎಷ್ಟೇ ಒಳ್ಳೆಯ ಕಂಪೈಲರ್ ಬರೆದರೂ ಆ ಅಂತರ ತುಂಬಲಿಲ್ಲ.

ತೀರ್ಥಹಳ್ಳಿ ಎಂಬೆಡೆಡ್

ಕೊಪ್ಪದವರೇ, ಆ ಕಥೆಯ ಉಳಿದ ಅರ್ಧವನ್ನೂ ಸೇರಿಸೋಣ. 2003ರಲ್ಲಿ ಎಎಂಡಿ ಆಪ್ಟೆರಾನ್ ತಂದಿತು. 64 ಬಿಟ್ ಇತ್ತು, ಜೊತೆಗೆ ಹಳೆಯ 32 ಬಿಟ್ ಪ್ರೋಗ್ರಾಂಗಳು ಇದ್ದ ಹಾಗೇ ಪೂರ್ತಿ ವೇಗದಲ್ಲಿ ಓಡುತ್ತಿದ್ದವು. ಜನ ತಮ್ಮ ಕಂಪೈಲರ್, ಡೀಬಗ್ಗರ್, ಲೈಬ್ರರಿ ಯಾವುದನ್ನೂ ಎಸೆಯಬೇಕಾಗಲಿಲ್ಲ. ಕೊನೆಗೆ ಇಂಟೆಲ್ ಕೂಡ ಅದೇ ದಾರಿ ಹಿಡಿಯಿತು. ಜನರ ಕೈಯಲ್ಲಿ ಆಗಲೇ ಇದ್ದ ಟೂಲ್‌ಗಳಿಗೆ ಬೆಲೆ ಕೊಟ್ಟ ಪ್ರೊಸೆಸರ್ ಗೆದ್ದಿತು. ಇಟಾನಿಯಂ ಇನ್ನೂ ಇಲ್ಲದ ಟೂಲ್ ಮೇಲೆ ಪಂದ್ಯ ಕಟ್ಟಿತ್ತು.

ಬಿಲ್ಡ್ ಹೊತ್ತಿನ ಮಾತು ಸರಿ. ಅಲ್ಲಿ ವೇಗದ ಪ್ರೊಸೆಸರ್ ಬೇಕು. ಯಾಕೆ ಬೇಕು ಅಂದರೆ, ಬರೆದದ್ದಕ್ಕೂ ಫಲಿತಾಂಶ ನೋಡೋದಕ್ಕೂ ನಡುವಿನ ಕಾಯುವಿಕೆ ಕಡಿಮೆ ಮಾಡುತ್ತದೆ ಅಂತ. ಅದನ್ನೇ ಹಿಂದೆ ಕಂಪೈಲ್ ಆದದ್ದನ್ನು ಉಳಿಸಿಡುವ ಸಿಕ್ಯಾಶ್ ಹಾಕಿಯೂ, ಬೇಡದ ಹೆಡರ್ ತೆಗೆದೂ ಕಡಿಮೆ ಮಾಡಬಹುದು. ಮೊದಲು ಅದನ್ನು ಮಾಡಿ, ಆಮೇಲೂ ಸಾಲದಿದ್ದರೆ ಹೊಸ ಯಂತ್ರ ಕೊಳ್ಳಿ.

ಶಂಕರಘಟ್ಟ

ಗ್ರಾಫಿಕ್ಸ್ ಚಿಪ್ (ಜಿಪಿಯು) ಕಡೆಯೂ ಇದೇ ಕಥೆ. ಎನ್‌ವಿಡಿಯಾ 2007ರಲ್ಲಿ ಕೂಡಾ (CUDA) ಅನ್ನೋ ಪ್ರೋಗ್ರಾಂ ಬರೆಯುವ ಟೂಲ್ ಕೊಟ್ಟಿತು, ಅದರ ಲೈಬ್ರರಿ, ಪ್ರೊಫೈಲರ್ ಎಲ್ಲವನ್ನೂ ವರ್ಷಗಟ್ಟಲೆ ಬೆಳೆಸಿತು. ಎಎಂಡಿಯ ಚಿಪ್‌ಗಳಲ್ಲೂ ಶಕ್ತಿ ಇದೆ, ಆದರೆ ಅಂಥದೇ ಅವರ ಟೂಲ್ ರಾಕ್‌ಎಂ ಬಂದದ್ದು 2016ರಲ್ಲಿ. ಸಂಶೋಧನೆ ಮಾಡುವ ಹುಡುಗರು ಕಾರ್ಡ್ ಕೊಳ್ಳುವಾಗ ಮೊದಲು ಕೇಳೋದು ಆ ಕೂಡಾ (CUDA) ಓಡುತ್ತಾ ಅಂತ.

ಹೊಸನಗರ ತಂಡ

ಎಲ್ಲರಿಗೂ ಧನ್ಯವಾದ. ಹಾಗಾದರೆ ರಿಸ್ಕ್-ಫೈವ್ ಕಥೆ ಏನು? ಅದಕ್ಕೆ ಟೂಲ್ ಇಲ್ಲ ಅಂತ ಬಿಡಬೇಕಾ?

ತೀರ್ಥಹಳ್ಳಿ ಎಂಬೆಡೆಡ್

ಬಿಡಬೇಡಿ. ರಿಸ್ಕ್-ಫೈವ್ 2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. ಅದರ ಆದೇಶಗಳ ಪಟ್ಟಿ ಎಲ್ಲರಿಗೂ ತೆರೆದಿದೆ. ಅದಕ್ಕಿಂತ ನನಗೆ ಮುಖ್ಯ ಅನ್ನಿಸೋದು, ಜಿಸಿಸಿ, ಎಲ್‌ಎಲ್‌ವಿಎಂ, ಜಿಡಿಬಿ ಅನ್ನೋ ಕಂಪೈಲರ್, ಡೀಬಗ್ಗರ್ ಎಲ್ಲವೂ ಅದನ್ನು ಬೆಂಬಲಿಸುತ್ತವೆ. ಹೊಸ ಚಿಪ್ ಮಾಡುವವರಿಗೆ ದೊಡ್ಡ ಖರ್ಚು ಬರೀ ಸಿಲಿಕಾನ್‌ದಲ್ಲ, ಕಂಪೈಲರ್‌ದೂ ಹೌದು. ಆ ಖರ್ಚು ಇಲ್ಲಿ ಹಂಚಿಹೋಗಿದೆ. ಮದ್ರಾಸ್ ಐಐಟಿಯವರು ಶಕ್ತಿ ಅನ್ನೋ ರಿಸ್ಕ್-ಫೈವ್ ಪ್ರೊಸೆಸರ್ ಮಾಡಿದಾಗ ಕಂಪೈಲರನ್ನು ಸೊನ್ನೆಯಿಂದ ಬರೆಯಬೇಕಾಗಲಿಲ್ಲ. ನಮ್ಮ ದೇಶದಲ್ಲಿ ಚಿಪ್ ಆಗಬೇಕು ಅನ್ನುವವರು ಈ ಮಾತನ್ನು ಗಮನಿಸಬೇಕು.

2024ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪೀಕೋ 2 ಬೋರ್ಡ್ ನೋಡಿ. ಒಂದೇ ಚಿಪ್‌ನಲ್ಲಿ ಎರಡು ಆರ್ಮ್ ಕೋರ್, ಎರಡು ರಿಸ್ಕ್-ಫೈವ್ ಕೋರ್. ಯಾವುದು ಬೇಕೋ ಅದನ್ನು ಬಿಲ್ಡ್ ಮಾಡುವಾಗ ಆರಿಸಿಕೊಳ್ಳಬಹುದು. ಸಿಯಲ್ಲಿ ಬರೆದ ನಿಮ್ಮ ಪ್ರೋಗ್ರಾಂ ಅದೇ ಇರುತ್ತದೆ.

ಲ್ಯಾಬ್ ಮೇಡಂ

ಟೂಲ್ ಆರಿಸುವಾಗ ನಮ್ಮೂರಿನ ಮಳೆಗಾಲವನ್ನೂ ನೆನಪಿಡಿ. ಮರ ಬಿದ್ದು ಲೈನ್ ಹೋದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಬ್ರೌಸರ್‌ನಲ್ಲೇ ಕಂಪೈಲ್ ಮಾಡುವ ಸೈಟ್‌ಗಳನ್ನು ನಂಬಿಕೊಂಡರೆ ಆ ವಾರ ಕೆಲಸ ಇಲ್ಲ. ಕಂಪೈಲರ್, ಡೇಟಾಶೀಟ್, ಲೈಬ್ರರಿ ಎಲ್ಲವನ್ನೂ ಮೇ ತಿಂಗಳಲ್ಲೇ ಇಳಿಸಿ ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಳ್ಳಿ. ಲ್ಯಾಪ್‌ಟಾಪ್ ಕೊಳ್ಳುವವರು ಇಂಟೆಲ್ಲೋ ಎಎಂಡಿಯೋ ಅನ್ನೋದಕ್ಕಿಂತ 16 ಜಿಬಿ ರಾಮ್, ಎಸ್‌ಎಸ್‌ಡಿ, ಜಾಸ್ತಿ ಹೊತ್ತು ಬರುವ ಬ್ಯಾಟರಿ ನೋಡಿ.

ಭದ್ರಾವತಿ

ತೋಟದ ಪೆಟ್ಟಿಗೆಯ ಬ್ಯಾಟರಿಯೂ ದೊಡ್ಡ ವಿಷಯ. ಜುಲೈನಲ್ಲಿ ಅಡಿಕೆ ಮರದ ಕೆಳಗೆ ಸೋಲಾರ್ ನಂಬಬೇಡಿ. 2,500 ಮಿಲಿಆಂಪ್ ಅವರ್ ಸೆಲ್ ಹಾಕಿದ್ದೀರಿ, ಬೋರ್ಡ್ ಮಲಗಿದಾಗಲೂ 10 ಮಿಲಿಆಂಪ್ ಎಳೆಯುತ್ತಿದೆ ಅಂದರೆ 250 ಗಂಟೆ, ಹತ್ತೇ ದಿನ. ಡೇಟಾಶೀಟ್‌ನಲ್ಲಿ ಚಿಪ್ ಮಲಗಿದಾಗ ಕೆಲವೇ ಮೈಕ್ರೋಆಂಪ್ ಅಂತ ಬರೆದಿರುತ್ತದೆ. ಆದರೆ ಬೋರ್ಡ್ ಮೇಲಿನ ಎಲ್‌ಇಡಿ, ರೆಗ್ಯುಲೇಟರ್, ಯುಎಸ್‌ಬಿ ಚಿಪ್ ಮಲಗೋದಿಲ್ಲ. ಮೀಟರ್ ಇಟ್ಟು ಅಳೆದೇ ನೋಡಿ.

ಹೊಸನಗರ ತಂಡ

ನಾಲ್ವರೂ ಕೂತು ಮಾತಾಡಿದೆವು. ತೋಟದಲ್ಲಿ ಕಡಿಮೆ ವಿದ್ಯುತ್ತಿನ ಎಸ್‌ಟಿಎಂ32ಎಲ್ ಚಿಪ್, ಜೊತೆಗೆ ಲೋರಾ. ಮೊದಲು ನ್ಯೂಕ್ಲಿಯೋ ಬೋರ್ಡ್ ಮೇಲೆ ಮಾಡಿ, ಸರಿಬಂದ ಮೇಲೆ ಬರೀ ಚಿಪ್‌ನ ಸಣ್ಣ ಬೋರ್ಡ್ ಮಾಡಿಸುತ್ತೇವೆ. ಮನೆಯ ಕಡೆ ಇಎಸ್‌ಪಿ32-ಸಿ3, ಅಲ್ಲಿ ವೈಫೈ ಇದೆ. ಅದರೊಳಗೆ ಇರೋದು ರಿಸ್ಕ್-ಫೈವ್ ಕೋರ್ ಅಂತ ಓದಿದ ಮೇಲೆ ನನಗೂ ಖುಷಿ. ಉಳಿದ ದುಡ್ಡಿಗೆ ಲಾಜಿಕ್ ಅನಲೈಸರ್, ಒಂದು ಒಳ್ಳೆಯ ಮೀಟರ್. ಕೊನೆಯ ಪ್ರಶ್ನೆ: ಎಣಿಕೆ ಸರಿ ಇದೆಯಾ ಅಂತ ಮಳೆ ಬರುವ ಮೊದಲೇ ಪರೀಕ್ಷೆ ಮಾಡೋದು ಹೇಗೆ?

ತೀರ್ಥಹಳ್ಳಿ ಎಂಬೆಡೆಡ್

ಆಲಿಕೆಯ ಬಾಯಿ ಅಳೆಯಿರಿ. ವ್ಯಾಸ 16 ಸೆಂಟಿಮೀಟರ್ ಇದ್ದರೆ ವಿಸ್ತೀರ್ಣ ಸುಮಾರು 201 ಚದರ ಸೆಂಟಿಮೀಟರ್. 0.2 ಮಿಲಿಮೀಟರ್ ಮಳೆಗೆ 4.02 ಎಂಎಲ್ ನೀರು. ಹಾಗಾಗಿ 402 ಎಂಎಲ್ ಅಳೆದು, ಮೆಡಿಕಲ್ ಶಾಪ್‌ನಲ್ಲಿ ಸಿಗುವ ಸಲೈನ್ ಡ್ರಿಪ್ ಸೆಟ್‌ನಿಂದ ನಿಧಾನಕ್ಕೆ ಬಿಡಿ. 100 ವಾಲಿಕೆ ಬರಬೇಕು. ಬಟ್ಟಲಿನ ಕೆಳಗಿನ ತಿರುಪು ತಿರುಗಿಸಿ ಹೊಂದಿಸಿಕೊಳ್ಳಿ. ಆಮೇಲೆ ನಿಮಿಷಕ್ಕೆ 33.5 ಎಂಎಲ್‌ನಂತೆ ಜೋರಾಗಿ ಬಿಟ್ಟು ಇನ್ನೊಮ್ಮೆ ನೋಡಿ, ಅದು ಗಂಟೆಗೆ 100 ಮಿಲಿಮೀಟರ್ ಮಳೆಯ ಲೆಕ್ಕ. ಜೋರು ಮಳೆಯಲ್ಲಿ ಬಟ್ಟಲು ವಾಲುತ್ತಿರುವಾಗಲೂ ನೀರು ಬೀಳುತ್ತಿರುತ್ತದೆ, ಆದ್ದರಿಂದ ಎಣಿಕೆ ಸ್ವಲ್ಪ ಕಡಿಮೆ ಬರುತ್ತದೆ. ಎಷ್ಟು ಕಡಿಮೆ ಅಂತ ಬರೆದಿಟ್ಟುಕೊಂಡು ಪ್ರೋಗ್ರಾಂನಲ್ಲಿ ಸರಿಪಡಿಸಿ. ಎರಡೂ ಸಲ ಅನಲೈಸರ್ ಸಿಕ್ಕಿಸಿಯೇ ಇರಲಿ, ಅದುರು ಎಷ್ಟು ಹೊತ್ತು ಇರುತ್ತದೆ ಅಂತ ಗೊತ್ತಾದರೆ ಅದುರು ನಿಲ್ಲೋವರೆಗೆ ಎಣಿಸದೆ ಬಿಡುವ ಡಿಬೌನ್ಸ್‌ಗೆ ಎಷ್ಟು ಮಿಲಿಸೆಕೆಂಡ್ ಇಡಬೇಕು ಅನ್ನೋದೂ ಅಲ್ಲೇ ಸಿಗುತ್ತದೆ.